ಸಹಸ್ರಲಿಂಗ, ಮುಂಡಿಗೆಕೆರೆ: ಯಾವುದಕ್ಕೆ ಯಾವ ಕಾಲ

ಶಿರಸಿಗೆ ಬರುವವರು ಸಹಸ್ರಲಿಂಗವನ್ನೂ ಸೋಂದಾದ ಮುಂಡಿಗೆಕೆರೆಯನ್ನೂ ಒಂದೇ ದಿನಕ್ಕೆ ಹೊಂದಿಸಿಕೊಳ್ಳುತ್ತಾರೆ. ದಾರಿ ಹತ್ತಿರವೇ, ಕಾಲ ಮಾತ್ರ ಕೂಡಿಬರುವುದಿಲ್ಲ. ಸಹಸ್ರಲಿಂಗದಲ್ಲಿ ಲಿಂಗಗಳನ್ನು ಕೆತ್ತಿರುವುದು ಶಾಲ್ಮಲಾ ನದಿಯ ಬಂಡೆಗಳ ಮೇಲೆ, ಮಳೆಗೆ ಹೊಳೆ ತುಂಬಿದರೆ ಅವು ನೀರಡಿ; ಬೆಳ್ಳಕ್ಕಿಗಳು ಗೂಡು ಕಟ್ಟಲು ಕೆರೆಗೆ ಬರುವುದು ಅದೇ ಹೊತ್ತಿಗೆ, ಜೂನ್‌ನಲ್ಲಿ.

ಲಿಂಗ ನೋಡಬೇಕೆಂದರೆ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಬನ್ನಿ. ಶಿವರಾತ್ರಿಯಂದು ಪೂಜೆಗೆ ಬರುವವರ ನೂಕುನುಗ್ಗಲು, ಕೆತ್ತನೆ ಸಾವಕಾಶ ನೋಡುವವರಿಗೆ ಆ ದಿನ ಬೇಡ. ಬೆಳಿಗ್ಗೆ ಓರೆ ಬಿಸಿಲಲ್ಲಿ ಲಿಂಗದ ಎದುರಿನ ಪುಟ್ಟ ನಂದಿಯ ಗೆರೆಗಳೂ ಎದ್ದು ಕಾಣುತ್ತವೆ. ಹಸಿರು ಹಾವಸೆ ಹಿಡಿದ ಬಂಡೆಯ ಮೇಲೆ ಕಾಲಿಡಬೇಡಿ. ಹೆಚ್ಚಿನವರು ಜಾರುವುದು ಫೋಟೋಗೆಂದು ಹಿಂದೆ ಸರಿಯುವಾಗ. ಲಿಂಗ, ನಂದಿಗಳನ್ನು ದಯವಿಟ್ಟು ತುಳಿಯಬೇಡಿ.

ಬೆಳ್ಳಕ್ಕಿಗಾದರೆ ಜುಲೈ, ಆಗಸ್ಟ್. ಕೇದಗೆ ಜಾತಿಯ ಮುಂಡಿಗೆ ಗಿಡಗಳ ಮುಳ್ಳೆಲೆಗಳ ನಡುವೆ ಗೂಡು. ಸಂಜೆ ಐದರ ಮೇಲೆ ಗದ್ದೆಗಳಿಂದ ಹಿಂಡು ಮರಳುತ್ತದೆ. ದುರ್ಬೀನು ತನ್ನಿ, ದಂಡೆಯಲ್ಲೇ ನಿಲ್ಲಿ. ಕೂಗಿದರೆ ತಾಯಿಹಕ್ಕಿ ಏಳುತ್ತದೆ, ಮೊಟ್ಟೆ ಮಳೆಗೆ ನೆನೆಯುತ್ತದೆ. ಉಂಬಳ (ಜಿಗಣೆ) ಕಚ್ಚಿದರೆ ಕೀಳಬೇಡಿ, ಉಪ್ಪು ಮುಟ್ಟಿಸಿದರೆ ತಾನೇ ಬೀಳುತ್ತದೆ.

ಹತ್ತಿರದ ವಾದಿರಾಜ ಮಠಕ್ಕೆ ಹೋಗುವ ಗಂಡಸರು ಅಂಗಿ ತೆಗೆಯಬೇಕು, ಒಂದು ಶಲ್ಯ ಜೊತೆಗಿರಲಿ.