ಅಮೆರಿಕದಲ್ಲಿ ಅರಿವಳಿಕೆ ನರ್ಸ್ ಆಗಬೇಕೆ? ಬೆಂಗಳೂರಿನ ನರ್ಸ್‌ಗಳು ಮೊದಲು ನೋಡಬೇಕಾದದ್ದು

ಸಿಆರ್‌ಎನ್‌ಎ, ಅಂದರೆ ಅಮೆರಿಕದಲ್ಲಿ ಅರಿವಳಿಕೆ ಕೊಡುವ ಪರಿಣತ ನರ್ಸ್, ಆಗಬೇಕೆಂದುಕೊಂಡ ಬೆಂಗಳೂರಿನ ಐಸಿಯು ನರ್ಸ್‌ಗಳು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಯೂನಿವರ್ಸಿಟಿ ಒಳ್ಳೆಯದು ಎಂದು. ಅದಕ್ಕೂ ಮುಂಚೆ ಒಂದು ನಿಯಮ ತಿಳಿದಿರಬೇಕು. ಈ ಕೋರ್ಸ್‌ಗಳಿಗೆ ಅಮೆರಿಕದಲ್ಲಿ ಮಾನ್ಯತೆ ಕೊಡುವ ಸಂಸ್ಥೆ ಸಿಒಎ. ಸೇರುವವರಿಗೆ ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಕ್ರಿಟಿಕಲ್ ಕೇರ್ ಅನುಭವ ಇರಬೇಕು, ಅದೂ ಅಮೆರಿಕದಲ್ಲೋ, ಅದರ ಆಡಳಿತದ ಪ್ರದೇಶಗಳಲ್ಲೋ, ಹೊರಗಿರುವ ಅಮೆರಿಕದ ಸೇನಾ ಆಸ್ಪತ್ರೆಯಲ್ಲೋ ಆಗಿರಬೇಕು ಎನ್ನುತ್ತದೆ ಅದು. ಅಂದರೆ ಇಲ್ಲಿ ಹತ್ತು ವರ್ಷ ವೆಂಟಿಲೇಟರ್ ಪಕ್ಕ ನಿಂತು ದುಡಿದಿದ್ದರೂ ಅರ್ಜಿಯ ಆ ಕಾಲಂಗೆ ಅದು ಲೆಕ್ಕಕ್ಕಿಲ್ಲ. ಹಾಗಂತ ಆ ಅನುಭವ ವ್ಯರ್ಥವಲ್ಲ. ಅಲ್ಲಿ ಐಸಿಯು ಕೆಲಸ ಸಿಗುವುದೇ ಅದರ ಬಲದಿಂದ. ಆದ್ದರಿಂದ ದಾರಿ ಹೀಗೆ: ಲೈಸೆನ್ಸ್, ಅಲ್ಲಿ ಕೆಲಸ ಮಾಡುವ ಹಕ್ಕು, ಅಲ್ಲಿನ ಐಸಿಯು, ಆಮೇಲೆ ಕಾಲೇಜು.

ಭಾರತದಲ್ಲಿ ಸಿಆರ್‌ಎನ್‌ಎಗೆ ಸಮನಾದ ಹುದ್ದೆ ಇಲ್ಲ. ಇಲ್ಲಿ ಅರಿವಳಿಕೆ ಕೊಡುವುದು ವೈದ್ಯರ ಕೆಲಸ. ಬಿಎಸ್‌ಸಿ ಅನೆಸ್ತೇಶಿಯಾ ಮತ್ತು ಆಪರೇಷನ್ ಥಿಯೇಟರ್ ಟೆಕ್ನಾಲಜಿ ಪಿಯುಸಿ ನಂತರದ ಬೇರೆಯೇ ಪದವಿ. ಅದನ್ನು ಓದಿದರೆ ಟೆಕ್ನಾಲಜಿಸ್ಟ್ ಆಗಬಹುದು, ಅಮೆರಿಕದ ಅರಿವಳಿಕೆ ನರ್ಸ್ ಕೋರ್ಸ್‌ಗೆ ಅದು ಮೆಟ್ಟಿಲಲ್ಲ. ಊರು ಬಿಡುವ ಮನಸ್ಸಿಲ್ಲದವರಿಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್ ಕೋರ್ಸ್ ಹೆಚ್ಚು ಹತ್ತಿರದ್ದು.

ವೀಸಾ ವಿಷಯವನ್ನು ಯಾವ ಏಜೆಂಟೂ ಮೊದಲ ದಿನ ಬಿಡಿಸಿ ಹೇಳುವುದಿಲ್ಲ. ನರ್ಸ್‌ಗಳು ಹೋಗುವ ಮುಖ್ಯ ದಾರಿ ಇಬಿ-3, ಅಂದರೆ ಉದ್ಯೋಗದ ಆಧಾರದ ಮೇಲೆ ಸಿಗುವ ಗ್ರೀನ್ ಕಾರ್ಡ್. ಭಾರತದಲ್ಲಿ ಹುಟ್ಟಿದವರಿಗೆ ಆ ಸಾಲು ಹತ್ತು ವರ್ಷಕ್ಕೂ ಉದ್ದ. ಅಮೆರಿಕ ಸರ್ಕಾರ ಪ್ರತಿ ತಿಂಗಳು ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ ಭಾರತದ ಕಾಲಂ ನೋಡಿದರೆ ಗೊತ್ತಾಗುತ್ತದೆ. ಗಂಡನೋ ಹೆಂಡತಿಯೋ ಹುಟ್ಟಿದ್ದು ಕುವೈತ್‌ನಲ್ಲೋ ದುಬೈಯಲ್ಲೋ ಆಗಿದ್ದರೆ ಆ ದೇಶದ ಸಾಲಿನಲ್ಲಿ ನಿಲ್ಲಲು ಕಾನೂನಿನಲ್ಲಿ ಅವಕಾಶವಿದೆ. ಜನನ ಪ್ರಮಾಣಪತ್ರವನ್ನು ಒಮ್ಮೆ ತೆಗೆದು ನೋಡಿ. ಬೆಂಗಳೂರಿನಲ್ಲಿ ಹೆಚ್ಚು ಕಾಣುವುದು ಐಟಿ ಉದ್ಯೋಗಿಯ ಸಂಗಾತಿಯಾಗಿ ಹೋಗುವವರು. ಕಂಪನಿಯೇ ವರ್ಗಾಯಿಸಿದ (ಎಲ್-1) ಉದ್ಯೋಗಿಯ ಎಲ್-2 ಸಂಗಾತಿಗೆ ಅಲ್ಲಿ ಕಾಲಿಟ್ಟ ದಿನದಿಂದಲೇ ಕೆಲಸ ಮಾಡುವ ಹಕ್ಕಿದೆ. ಎಚ್-1ಬಿ ಉದ್ಯೋಗಿಯ ಸಂಗಾತಿಗೆ ಸಿಗುವ ಎಚ್-4ನಲ್ಲಿ ಓದಬಹುದು, ದುಡಿಯುವಂತಿಲ್ಲ; ಸಂಗಾತಿಯ ಐ-140 (ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕುವ ಅರ್ಜಿ) ಮಂಜೂರಾದ ಮೇಲೆ ಇಎಡಿ ಎಂಬ ಕೆಲಸದ ಪರವಾನಗಿ ಪಡೆದು ದುಡಿಯಬಹುದು. ಅಲ್ಲಿನ ಐಸಿಯು ಅನುಭವವಿಲ್ಲದೆ ಅರ್ಜಿಯೇ ಇಲ್ಲವಾದ್ದರಿಂದ ನೇರವಾಗಿ ವಿದ್ಯಾರ್ಥಿ ವೀಸಾದಲ್ಲಿ ಈ ಕೋರ್ಸ್‌ಗೆ ಸೇರಿಸುತ್ತೇವೆ ಎನ್ನುವವರಿಗೆ ಮುಂಗಡ ಕೊಡಬೇಡಿ.

ಕಾಗದಪತ್ರದಲ್ಲಿ ನಮ್ಮ ಕಡೆಯವರನ್ನು ಹೆಚ್ಚು ಕಾಡುವುದು ಇನಿಷಿಯಲ್. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ 'ಸವಿತಾ ಕೆ.ಎನ್.', ನರ್ಸಿಂಗ್ ಕೌನ್ಸಿಲ್ ನೋಂದಣಿಯಲ್ಲಿ 'ಕೆ.ಎನ್. ಸವಿತಾ', ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರು ಮತ್ತು ತಂದೆಯ ಹೆಸರು, ಮದುವೆಯಾದ ಮೇಲೆ ಗಂಡನ ಹೆಸರು: ನಾಲ್ಕು ಕಡೆ ನಾಲ್ಕು ಥರ. ಪಾಸ್‌ಪೋರ್ಟ್‌ನಲ್ಲಿ ಇರುವುದನ್ನೇ ಮೂಲವಾಗಿಟ್ಟುಕೊಂಡು ಉಳಿದವನ್ನು ತಿದ್ದಿಸಿ, ಇಲ್ಲವಾದರೆ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಅಮೆರಿಕದ ನರ್ಸ್ ಲೈಸೆನ್ಸ್‌ಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು, ಆದರೆ ಗುರುತಿಗೆ ಪಾಸ್‌ಪೋರ್ಟ್ ಒಂದೇ ನಡೆಯುತ್ತದೆ. ಪರೀಕ್ಷೆಯ ನೋಂದಣಿಯಲ್ಲಿರುವ ಹೆಸರು ಅದಕ್ಕೆ ಹೊಂದದಿದ್ದರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ, ಶುಲ್ಕವೂ ಹೋಗುತ್ತದೆ. ಶುಲ್ಕ 200 ಡಾಲರ್, ಹೊರದೇಶದಲ್ಲಿ ಬರೆಯುವುದಕ್ಕೆ ಮೇಲೆ 150. ಕನಿಷ್ಠ 85, ಗರಿಷ್ಠ 150 ಪ್ರಶ್ನೆ, ಐದು ಗಂಟೆ.

ಪದವಿಯ ಮೌಲ್ಯಮಾಪನ ಮಾಡುವ ಸಿಜಿಎಫ್‌ಎನ್‌ಎಸ್‌ನ ಹೆಸರು ಈಗ ಟ್ರೂಮೆರಿಟ್ ಎಂದಾಗಿದೆ. ಅದಕ್ಕೆ ಅಂಕಪಟ್ಟಿ ಮತ್ತು ತರಗತಿ, ಕ್ಲಿನಿಕಲ್ ಗಂಟೆಗಳ ವಿವರವನ್ನು ಕಾಲೇಜು ಅಥವಾ ಯೂನಿವರ್ಸಿಟಿಯೇ ನೇರವಾಗಿ ಕಳಿಸಬೇಕು. ನೀವು ಸ್ಕ್ಯಾನ್ ಮಾಡಿ ಕಳಿಸಿದ್ದು ನಡೆಯದು. ಓದಿದ್ದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯ ಕಾಲೇಜಿನಲ್ಲಾದರೆ ನಿಮ್ಮ ಬ್ಯಾಚ್‌ನ ಪಠ್ಯಕ್ರಮದ ಪ್ರತಿಯನ್ನು ಊರಲ್ಲಿರುವಾಗಲೇ ತೆಗೆದಿಟ್ಟುಕೊಳ್ಳಿ. ಕಾಲೇಜು ಮುಚ್ಚಿದ ಮೇಲೆ, ಹಳೆಯ ಪ್ರಿನ್ಸಿಪಾಲರು ಹೋದ ಮೇಲೆ ಇದು ಬಹಳ ಕಷ್ಟ. ಉದ್ಯೋಗದ ವೀಸಾಕ್ಕೆ ಬೇಕಾದ ವೀಸಾಸ್ಕ್ರೀನ್ ಪ್ರಮಾಣಪತ್ರಕ್ಕೆ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ಒಟ್ಟು 6.5, ಮಾತಿನ ಭಾಗದಲ್ಲಿ 7 ಬೇಕು.

ಇನ್ನೊಂದು ಕೊರತೆ ತಡವಾಗಿ ಕಣ್ಣಿಗೆ ಬೀಳುತ್ತದೆ. ನಮ್ಮ ಬಿಎಸ್‌ಸಿ ನರ್ಸಿಂಗ್‌ನಲ್ಲಿ ಬಯೋಕೆಮಿಸ್ಟ್ರಿ ನ್ಯೂಟ್ರಿಷನ್ ಜೊತೆ ಸೇರಿಕೊಂಡಿರುತ್ತದೆ, ಸ್ಟಾಟಿಸ್ಟಿಕ್ಸ್ ನರ್ಸಿಂಗ್ ರಿಸರ್ಚ್ ಜೊತೆ. ಅಲ್ಲಿನ ಹಲವು ಕಾಲೇಜುಗಳು ರಸಾಯನಶಾಸ್ತ್ರ ಮತ್ತು ಸ್ಟಾಟಿಸ್ಟಿಕ್ಸ್ ಪ್ರತ್ಯೇಕ ಕೋರ್ಸ್ ಆಗಿರಬೇಕು, ಇಷ್ಟು ವರ್ಷದ ಒಳಗೆ ಓದಿರಬೇಕು ಎನ್ನುತ್ತವೆ. ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಕಮ್ಯುನಿಟಿ ಕಾಲೇಜಿನಲ್ಲಿ ಇವನ್ನು ಒಂದೊಂದಾಗಿ ಮುಗಿಸಿ, ಎ ಗ್ರೇಡ್ ತೆಗೆಯಿರಿ. ಜಿಪಿಎ (4ಕ್ಕೆ ಲೆಕ್ಕ ಹಾಕುವ ಗ್ರೇಡ್ ಸರಾಸರಿ) 3.0 ಎಂಬುದು ಹೆಚ್ಚಿನ ಕಡೆ ಬಾಗಿಲ ಮಟ್ಟ ಮಾತ್ರ. ಹಳೆಯ ಅಂಕಪಟ್ಟಿ ಸಾಧಾರಣವಿದ್ದವರಿಗೆ ಇತ್ತೀಚಿನ ವಿಜ್ಞಾನದ ಎರಡು ಮೂರು ಎ ಗ್ರೇಡ್‌ಗಳೇ ದೊಡ್ಡ ಆಸರೆ.

ಐಸಿಯು ಆರಿಸುವಾಗ ಆಸ್ಪತ್ರೆಯ ಹೆಸರಿಗಿಂತ ರೋಗಿಯ ಸ್ಥಿತಿ ನೋಡಿ. ಆರ್ಟೀರಿಯಲ್ ಲೈನ್ (ರಕ್ತದೊತ್ತಡ ಸತತವಾಗಿ ಅಳೆಯಲು ಧಮನಿಯಲ್ಲಿಡುವ ನಳಿಕೆ), ವೆಂಟಿಲೇಟರ್, ರಕ್ತದೊತ್ತಡ ಹಿಡಿಯುವ ಔಷಧಿಗಳ ಇನ್‌ಫ್ಯೂಷನ್ ದಿನವೂ ಕೈಗೆ ಸಿಗಬೇಕು. ಕಾರ್ಡಿಯಾಕ್ ಸರ್ಜರಿ, ಸರ್ಜಿಕಲ್, ಮೆಡಿಕಲ್ ಐಸಿಯುಗಳನ್ನು ಎಲ್ಲರೂ ಒಪ್ಪುತ್ತಾರೆ. ಮಕ್ಕಳ ಐಸಿಯು, ಎಮರ್ಜೆನ್ಸಿ ಬಗ್ಗೆ ಆಯಾ ಕಾಲೇಜನ್ನು ಮೊದಲೇ ಕೇಳಿ. ನಿಯಮದಲ್ಲಿ ಒಂದು ವರ್ಷ ಎಂದಿದ್ದರೂ ಎರಡು ಮೂರು ವರ್ಷ ಮಾಡಿ ಹೋದರೆ ಸಂದರ್ಶನದಲ್ಲಿ ಉಸಿರಾಡಲು ಜಾಗವಿರುತ್ತದೆ. ಆ ಅವಧಿಯಲ್ಲೇ ಸಿಸಿಆರ್‌ಎನ್ ಎಂಬ ಕ್ರಿಟಿಕಲ್ ಕೇರ್ ನರ್ಸ್ ಪ್ರಮಾಣೀಕರಣ ಮುಗಿಸಿ. ಅದಕ್ಕೆ ಎರಡು ವರ್ಷದಲ್ಲಿ 1,750 ಗಂಟೆ ತೀವ್ರ ಅಸ್ವಸ್ಥ ರೋಗಿಗಳ ಆರೈಕೆ ಮಾಡಿರಬೇಕು, ಅದರಲ್ಲಿ 875 ಕಳೆದ ಒಂದು ವರ್ಷದ್ದಾಗಿರಬೇಕು. ಸಿಆರ್‌ಎನ್‌ಎ ಒಬ್ಬರ ಜೊತೆ ಆಪರೇಷನ್ ಥಿಯೇಟರ್‌ನಲ್ಲಿ ಕೆಲವು ದಿನ ನಿಂತು ನೋಡಿ, ದಿನಾಂಕ ಮತ್ತು ಗಂಟೆಗಳಿಗೆ ಸಹಿ ಹಾಕಿಸಿಕೊಳ್ಳಿ.

ಇನ್ನು ಕಾಲೇಜು. 2022ರ ಜನವರಿ 1ರಿಂದ ಹೊಸದಾಗಿ ಸೇರುವವರೆಲ್ಲ ಡಾಕ್ಟರೇಟ್ ಮಟ್ಟದ ಕೋರ್ಸ್‌ಗೇ ಸೇರಬೇಕು. ಮೂರು ವರ್ಷ ಹಿಡಿಯುತ್ತದೆ. ಪತ್ರಿಕೆಗಳ ರ‍್ಯಾಂಕ್ ಪಟ್ಟಿಯನ್ನು ಬದಿಗಿಡಿ. ಪ್ರತಿ ಕಾಲೇಜೂ ಪ್ರಕಟಿಸಲೇಬೇಕಾದ ಅಂಕಿಗಳಲ್ಲಿ ಎರಡನ್ನು ನೋಡಿ: ರಾಷ್ಟ್ರೀಯ ಪ್ರಮಾಣೀಕರಣ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾದವರೆಷ್ಟು, ನಡುವೆ ಬಿಟ್ಟವರೆಷ್ಟು. ಇವನ್ನು ಒಟ್ಟಿಗೇ ಓದಬೇಕು. 30 ಜನ ಸೇರಿ 6 ಜನ ನಡುವೆ ಹೊರಬಿದ್ದು, ಉಳಿದ 24 ಜನರೂ ಪಾಸಾದರೆ ಕಾಲೇಜು ನೂರಕ್ಕೆ ನೂರು ಎಂದು ಹೇಳಿಕೊಳ್ಳಬಹುದು. ಐದರಲ್ಲೊಬ್ಬರು ಸಾಲ ಹೊತ್ತು ಮನೆಗೆ ಹೋಗಿದ್ದಾರೆ ಎಂಬುದು ಎರಡನೆಯ ಅಂಕಿಯಲ್ಲಿರುತ್ತದೆ. ತರಗತಿ ಚಿಕ್ಕದಿದ್ದರೆ ಒಬ್ಬರಿಬ್ಬರಿಂದಲೇ ಶೇಕಡಾವಾರು ಏರಿಳಿಯುತ್ತದೆ, ಹಾಗಾಗಿ ಮೂರು ವರ್ಷದ್ದು ನೋಡಿ.

ಅದಕ್ಕಿಂತ ಮುಖ್ಯ, ನಿಮ್ಮ ಕೈಗೆ ಯಾವ ಕೇಸು ಸಿಗುತ್ತದೆ ಎಂಬುದು. ಸಿಒಎ ಪ್ರಕಾರ ಕನಿಷ್ಠ 600 ಕೇಸು ಆಗಬೇಕು, 700 ಆದರೆ ಒಳ್ಳೆಯದು. ಅದರೊಳಗೆ ಹೆರಿಗೆಗೆ ಸಂಬಂಧಿಸಿದ್ದು 30, ಎರಡು ವರ್ಷದೊಳಗಿನ ಮಕ್ಕಳದ್ದು 10, ಹೀಗೆ ವಿಭಾಗವಾರು ಕನಿಷ್ಠಗಳಿವೆ. ಕನಿಷ್ಠವನ್ನು ಎಲ್ಲ ಕಾಲೇಜೂ ಮುಟ್ಟಿಸುತ್ತವೆ. ಕಳೆದ ಬ್ಯಾಚ್‌ನ ಸರಾಸರಿ ಕೇಳಿ: ಒಬ್ಬ ವಿದ್ಯಾರ್ಥಿ ಸ್ವಂತ ಕೈಯಿಂದ ಹಾಕಿದ ಸ್ಪೈನಲ್, ಎಪಿಡ್ಯೂರಲ್, ನರ್ವ್ ಬ್ಲಾಕ್ (ದೇಹದ ಒಂದು ಭಾಗವನ್ನಷ್ಟೇ ಮರಗಟ್ಟಿಸುವ ಚುಚ್ಚುಮದ್ದುಗಳು) ಎಷ್ಟೆಷ್ಟು? ದೊಡ್ಡ ಬೋಧನಾ ಆಸ್ಪತ್ರೆಯಲ್ಲಿ ಅರಿವಳಿಕೆಯ ತರಬೇತಿಯಲ್ಲಿರುವ ಡಾಕ್ಟರ್‌ಗಳೂ (ರೆಸಿಡೆಂಟ್‌ಗಳು) ಇರುತ್ತಾರೆ. ಬ್ಲಾಕ್‌ಗಳೆಲ್ಲ ಅವರ ಪಾಲಾದರೆ ನಿಮಗೆ ಉಳಿಯುವುದು ನೋಡುವ ಕೆಲಸ. ಹೆಸರಿಲ್ಲದ ಊರಿನ, ಸಿಆರ್‌ಎನ್‌ಎಗಳೇ ನಡೆಸುವ ಆಸ್ಪತ್ರೆಯಲ್ಲಿ ಒಂದೆರಡು ಪೋಸ್ಟಿಂಗ್ ಇರುವ ಕಾಲೇಜು ಕೈ ಪಳಗಿಸುವುದರಲ್ಲಿ ಎಷ್ಟೋ ಮೇಲು. ಪೋಸ್ಟಿಂಗ್ ಜಾಗಗಳು ಎಷ್ಟು ದೂರ, ಬಾಡಿಗೆ ಯಾರು ಕೊಡಬೇಕು, ಮೊದಲ ವರ್ಷ ಬರೀ ಪಾಠವೋ ಅಥವಾ ಪಾಠದ ಜೊತೆಗೇ ಥಿಯೇಟರೋ ಎಂಬುದನ್ನೂ ಕೇಳಿ. ಇದನ್ನೆಲ್ಲ ಈಗ ಓದುತ್ತಿರುವ ವಿದ್ಯಾರ್ಥಿಗಳ ಬಾಯಿಂದ ಕೇಳುವುದು ಲೇಸು. ಅರ್ಜಿ ಹಲವು ಕಡೆ ನರ್ಸಿಂಗ್‌ಕ್ಯಾಸ್ ಎಂಬ ಪೋರ್ಟಲ್ ಮೂಲಕ, ಕೆಲವು ಕಡೆ ನೇರ. ನಿಮ್ಮ ಗ್ರೀನ್ ಕಾರ್ಡ್ ಅಥವಾ ವೀಸಾ ಸ್ಥಿತಿಯವರನ್ನು ತೆಗೆದುಕೊಳ್ಳುತ್ತಾರೆಯೇ ಎಂದು ಶುಲ್ಕ ಕಟ್ಟುವ ಮುಂಚೆ ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ.

ಸಂದರ್ಶನದಲ್ಲಿ ನಮ್ಮವರು ಎಡವುವುದು ಜ್ಞಾನದ ಕೊರತೆಯಿಂದಲ್ಲ, ಅಭ್ಯಾಸದಿಂದ. ಇಲ್ಲಿ ಎಷ್ಟೋ ಕಡೆ ಸಿರಿಂಜ್ ಪಂಪ್‌ನ 'ನಾರ್‌ಅಡ್ರಿನಲಿನ್ ಐದರಲ್ಲಿ ಓಡ್ತಿದೆ' ಎಂದರೆ ಗಂಟೆಗೆ 5 ಮಿಲಿ. ಅಲ್ಲಿ ಅದೇ ಔಷಧಿಯ ಹೆಸರು ನಾರ್‌ಎಪಿನೆಫ್ರಿನ್, ಲೆಕ್ಕ ಮೈಕ್ರೋಗ್ರಾಂನಲ್ಲಿ. 50 ಮಿಲಿಯಲ್ಲಿ 4 ಮಿಲಿಗ್ರಾಂ ಇದ್ದರೆ ಮಿಲಿಗೆ 80 ಮೈಕ್ರೋಗ್ರಾಂ. ಗಂಟೆಗೆ 5 ಮಿಲಿ ಎಂದರೆ 400, ನಿಮಿಷಕ್ಕೆ 6.7, ರೋಗಿ 60 ಕಿಲೋ ಇದ್ದರೆ ಕಿಲೋಗೆ ನಿಮಿಷಕ್ಕೆ 0.11. ದಿನವೂ ಡ್ಯೂಟಿಯಲ್ಲಿ ಪ್ರತಿ ಪಂಪನ್ನೂ ಹೀಗೆ ಮನಸ್ಸಿನಲ್ಲೇ ಬದಲಿಸಿ ನೋಡಿ. ಮುಂದಿನ ಪ್ರಶ್ನೆ ಯಾಕೆ ಎಂಬುದು. ಸರಾಸರಿ ರಕ್ತದೊತ್ತಡ 60, ಸಿವಿಪಿ (ಹೃದಯಕ್ಕೆ ಮರಳುವ ದೊಡ್ಡ ರಕ್ತನಾಳದೊಳಗಿನ ಒತ್ತಡ) 10, ಹೃದಯ ನಿಮಿಷಕ್ಕೆ 8 ಲೀಟರ್ ಪಂಪ್ ಮಾಡುತ್ತಿದೆ, ಏನು ಕೊಡುತ್ತೀರಿ? 60ರಲ್ಲಿ 10 ಕಳೆದು, 8ರಿಂದ ಭಾಗಿಸಿ, 80ರಿಂದ ಗುಣಿಸಿದರೆ ರಕ್ತನಾಳಗಳ ಪ್ರತಿರೋಧ 500. ಸಾಮಾನ್ಯವಾಗಿ ಇರಬೇಕಾದದ್ದು 800ರಿಂದ 1,200. ಹೃದಯ ಸಾಕಷ್ಟು ದುಡಿಯುತ್ತಿದೆ, ರಕ್ತನಾಳಗಳು ಸಡಿಲಾಗಿವೆ. ಹೃದಯದ ಬಲ ಹೆಚ್ಚಿಸುವ ಡೊಬುಟಮಿನ್ ಅಲ್ಲ, ನಾಳ ಬಿಗಿಮಾಡುವ ನಾರ್‌ಎಪಿನೆಫ್ರಿನ್ ಬೇಕು ಎಂದು ಕಾರಣ ಸಮೇತ ಹೇಳಬೇಕು. 'ಡಾಕ್ಟರ್ ಆರ್ಡರ್ ಪ್ರಕಾರ ಕೊಡ್ತೀವಿ' ಎಂದರೆ ಸಂದರ್ಶನ ಅಲ್ಲಿಗೇ ತಣ್ಣಗಾಗುತ್ತದೆ.

ಹಣದ ಮಾತು. ಶುಲ್ಕ ಒಂದು ಲಕ್ಷ ಡಾಲರ್ ದಾಟುವುದು ಸಾಮಾನ್ಯ, ಆ ಮೂರು ವರ್ಷ ಕೆಲಸ ಮಾಡಬೇಡಿ ಎಂದು ಕಾಲೇಜುಗಳೇ ಹೇಳುತ್ತವೆ. ಅಲ್ಲಿನ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ಗ್ರೀನ್ ಕಾರ್ಡ್ ಇದ್ದವರಿಗೆ ಸಿಗುತ್ತದೆ, ಎಚ್-4, ಎಲ್-2ನಲ್ಲಿರುವವರಿಗೆ ಸಿಗುವುದಿಲ್ಲ. ಪೂರ್ತಿ ವೆಚ್ಚಕ್ಕೆ ಸಾಲ ಕೊಡುತ್ತಿದ್ದ ಗ್ರ್ಯಾಡ್ ಪ್ಲಸ್ ಯೋಜನೆ ಹೊಸಬರಿಗೆ 2026ರ ಜುಲೈ 1ರಿಂದ ಇಲ್ಲ. ಆದ್ದರಿಂದ ಸೀಟು ಸಿಕ್ಕ ಖುಷಿಯಲ್ಲಿ ಡಿಪಾಸಿಟ್ ಕಟ್ಟುವ ಮುನ್ನ ಮೂರು ವರ್ಷದ ಶುಲ್ಕ, ಬಾಡಿಗೆ, ಆರೋಗ್ಯ ವಿಮೆ, ದೂರದ ಪೋಸ್ಟಿಂಗ್‌ನ ಖರ್ಚು ಬರೆದಿಟ್ಟು ಕೂಡಿಸಿ; ಸಾಲ ಕಳೆದು ಎಷ್ಟು ಕಡಿಮೆ ಬೀಳುತ್ತದೆಯೋ ಅಷ್ಟು ಹಣ ಐಸಿಯು ಸಂಬಳದಲ್ಲಿ ಉಳಿಸಿದ್ದು ಕೈಯಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಪ್ರವೇಶವನ್ನು ಮುಂದಿನ ವರ್ಷಕ್ಕೆ ಮುಂದೂಡಲು ಬಿಡುತ್ತಾರೆಯೇ ಎಂದು ಕೇಳಿ, ಉತ್ತರ ಬಂದ ಮೇಲೆ ಡಿಪಾಸಿಟ್ ಕಟ್ಟಿ.