‘ಅರ್ಥ ಆಯ್ತಾ ಮಕ್ಕಳೇ?’: ಬಿ.ಎಡ್ ಪ್ರಶಿಕ್ಷಣಾರ್ಥಿಗಳ ಪಾಠ ನೋಡುತ್ತಾ ನಾನು ಕಲಿತದ್ದು

ನಾನು ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ಪ್ರತಿ ವರ್ಷ ನಮ್ಮ ಶಾಲೆಗೆ ಬಿ.ಎಡ್ ಪ್ರಶಿಕ್ಷಣಾರ್ಥಿಗಳು ಇಂಟರ್ನ್‌ಶಿಪ್‌ಗೆ ಬರುತ್ತಾರೆ. ಗಣಿತ ತಗೊಂಡವರು ನನ್ನ ಪಾಲಿಗೆ. ಅವರ ಪಾಠ ನೋಡಬೇಕು, ತಿದ್ದಬೇಕು, ಕೊನೆಗೆ ಅಂಕ ಹಾಕಬೇಕು.

ನಾನು ಬಿ.ಎಡ್ ಮಾಡುವಾಗ ಕೋರ್ಸ್ ಒಂದೇ ವರ್ಷ. ಎರಡು ವಿಷಯಕ್ಕೆ ಇಪ್ಪತ್ತಿಪ್ಪತ್ತು, ಒಟ್ಟು 40 ಪಾಠ. ಪಾಠ ನೋಡಿದವರು ಅಭಿಪ್ರಾಯ ಬರೆಯುವ ನನ್ನ ವೀಕ್ಷಣಾ ಪುಸ್ತಕದ ಪುಟಪುಟದಲ್ಲೂ ‘ಪಾಠ ಚೆನ್ನಾಗಿತ್ತು, ಧ್ವನಿ ಇನ್ನೂ ಜೋರಾಗಿರಲಿ’ ಅಂತಿತ್ತು. ಆ 40 ಪಾಠದಲ್ಲಿ ಯಾವ ಮಗುವಿಗೆ ಏನು ತಿಳಿಯಿತು ಅಂತ ನನ್ನನ್ನು ಯಾರೂ ಕೇಳಲಿಲ್ಲ. ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಟಿಇ 2014ರಲ್ಲಿ ತಂದ ನಿಯಮದಿಂದ ಕೋರ್ಸ್ ಎರಡು ವರ್ಷದ್ದಾಯಿತು. ಎರಡನೇ ವರ್ಷದಲ್ಲಿ 16 ವಾರ ಶಾಲೆಯಲ್ಲೇ ಇರಬೇಕು. ಅಷ್ಟು ದಿನ ಸಿಕ್ಕರೆ ಎಷ್ಟೋ ಕಲಿಸಬಹುದು ಅಲ್ವಾ? ಆದರೆ ಮೊದಲ ಎರಡು ತಂಡಕ್ಕೆ ನಾನೂ ‘ಚೆನ್ನಾಗಿತ್ತು’ ಅಂತಲೇ ಬರೆದು ಸಹಿ ಹಾಕಿದೆ. ಅದು ತಪ್ಪು ಅಂತ ಗೊತ್ತಾಗಿದ್ದು ಮೂರನೇ ವರ್ಷ.

ಎಂಟನೇ ತರಗತಿ, ಎ ಸೆಕ್ಷನ್. ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಪಾಠ. ಪ್ರಶಿಕ್ಷಣಾರ್ಥಿ ರಾತ್ರಿಯೆಲ್ಲ ಕೂತು ಥರ್ಮಾಕೋಲ್‌ನಲ್ಲಿ ಮಾದರಿ ಮಾಡಿಕೊಂಡು ಬಂದಿದ್ದಳು. ಒಂದು ದೊಡ್ಡ ಚೌಕ, ಒಂದು ಸಣ್ಣ ಚೌಕ, ನಡುವೆ ಎರಡು ಪಟ್ಟಿ. ನಾಲ್ಕನ್ನೂ ಸೇರಿಸಿದರೆ ಒಂದು ಪೂರ್ತಿ ಚೌಕ. ಪೀಠಿಕೆ ಚೆನ್ನಾಗಿತ್ತು, ಬೋರ್ಡಿನ ಮೇಲೆ ಅಕ್ಷರ ಮುತ್ತಿನ ಹಾಗಿತ್ತು. ಸಾಲಿಗೊಮ್ಮೆ ‘ಅರ್ಥ ಆಯ್ತಾ ಮಕ್ಕಳೇ?’ ಅಂತ ಕೇಳುತ್ತಿದ್ದಳು. ‘ಆಯ್ತು ಮೇಡಂ’ ಅಂತ ಇಡೀ ತರಗತಿ ಒಟ್ಟಿಗೆ ರಾಗ ಎಳೆಯುತ್ತಿತ್ತು. ನಾನು ಎಣಿಸಿದೆ, 40 ನಿಮಿಷದಲ್ಲಿ 14 ಸಲ.

ಕೊನೆಯಲ್ಲಿ ಒಂದು ಲೆಕ್ಕ ಕೊಟ್ಟಳು: ಎಕ್ಸ್ ಪ್ಲಸ್ 3 ಹೋಲ್ ಸ್ಕ್ವೇರ್. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಪಕ್ಕದ ಹುಡುಗನ ನೋಟ್‌ಬುಕ್ ಇಣುಕಿದೆ. ‘ಎಕ್ಸ್ ಸ್ಕ್ವೇರ್ ಪ್ಲಸ್ 9’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. ಅವನ ಪಕ್ಕದವನದೂ ಅದೇ ತಪ್ಪು. ಮುಂದಿನ ಬೆಂಚಿನಲ್ಲೂ ಅದೇ. ಅಷ್ಟರಲ್ಲಿ ಬೆಲ್ ಆಯಿತು.

ಕಾಲೇಜಿನವರು ಕೊಟ್ಟ ಅಂಕಪಟ್ಟಿ ನನ್ನ ಕೈಯಲ್ಲಿತ್ತು. ಪೀಠಿಕೆ, ಕಲಿಕೋಪಕರಣ, ಕಪ್ಪುಹಲಗೆ ಕೆಲಸ, ತರಗತಿ ನಿರ್ವಹಣೆ. ಯಾವುದಕ್ಕೂ ಅಂಕ ಕಡಿಮೆ ಕೊಡುವ ಹಾಗಿರಲಿಲ್ಲ. ಆ ಹುಡುಗ ಬರೆದದ್ದನ್ನು ಹಾಕುವುದಕ್ಕೆ ಮಾತ್ರ ಅದರಲ್ಲಿ ಜಾಗವೇ ಇರಲಿಲ್ಲ. ನನ್ನ ಮನಸ್ಸು ಬದಲಾಗಿದ್ದು ಅವತ್ತೇ.

ಸ್ಟಾಫ್ ರೂಮಿನಲ್ಲಿ ಅವಳನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದೆ: ‘ಇವತ್ತು ಎಷ್ಟು ಜನರ ನೋಟ್‌ಬುಕ್ ನೋಡಿದೆಯಮ್ಮ?’ ಅವಳ ಕಣ್ಣು ತುಂಬಿತು. ‘ಬಿ ಸೆಕ್ಷನ್‌ಗೆ ಇದೇ ಪಾಠ ನಾಳೆ ಇದೆಯಲ್ಲ, ಅಲ್ಲಿ ಆ ತಪ್ಪಿನಿಂದಲೇ ಶುರು ಮಾಡು’ ಅಂದೆ.

ಮರುದಿನ ಅವಳು ಹೋದವಳೇ ಆ ಲೆಕ್ಕ, ಅದರ ಬಲಗಡೆ ಆ ತಪ್ಪು ಉತ್ತರವನ್ನೇ ಬೋರ್ಡಿನ ಮೇಲೆ ಬರೆದು, ‘ಇದು ಸರಿನಾ? ಎಕ್ಸ್ ಜಾಗದಲ್ಲಿ 2 ಹಾಕಿ ನೋಡಿ’ ಅಂದಳು. ಎಡಗಡೆ 25 ಬಂತು, ಬಲಗಡೆ 13. ತರಗತಿ ಸುಮ್ಮನಾಯಿತು. ‘ಇನ್ನು 12 ಎಲ್ಲಿ ಹೋಯ್ತು?’ ಆಮೇಲೆ ಥರ್ಮಾಕೋಲ್ ತೆಗೆದಳು. ಒಂದು ಹುಡುಗಿ ಎದ್ದು ಬಂದು ಆ ಎರಡು ಪಟ್ಟಿಗಳ ಮೇಲೆ ಕೈ ಇಟ್ಟಳು. ಎರಡು ಮೂರಲ ಆರು, ಇನ್ನೊಂದು ಆರು. ಹನ್ನೆರಡು! ಹಿಂದಿನ ದಿನ ಬರೀ ಅಂದಕ್ಕೆ ಇದ್ದಂತಿದ್ದ ಪಟ್ಟಿಗಳು ಅವತ್ತು ಉತ್ತರವೇ ಆದವು.

ಅಲ್ಲಿಂದ ನಾನು ಮೊದಲ ದಿನವೇ ಒಂದು ಹಾಳೆ ಬರೆದು ಕೊಡುತ್ತೇನೆ. ನನಗೆ ಏನು ಬೇಕು ಅಂತ ಅದರಲ್ಲಿರುತ್ತದೆ. ಪ್ರಾರ್ಥನೆಗೆ ಮುಂಚೆ ಶಾಲೆಯಲ್ಲಿರಬೇಕು. ಪಾಠ ಯೋಜನೆ ಹಿಂದಿನ ದಿನ ಮಧ್ಯಾಹ್ನಕ್ಕೆ ನನ್ನ ಟೇಬಲ್ ಮೇಲೆ ಬರಬೇಕು. ಎರಡು ವಾರದಲ್ಲಿ ತರಗತಿಯ ಎಲ್ಲ ಮಕ್ಕಳ ಹೆಸರು ಬಾಯಿಗೆ ಬರಬೇಕು. ಪ್ರತಿ ಪೀರಿಯಡ್‌ನಲ್ಲಿ ಐದಾದರೂ ನೋಟ್‌ಬುಕ್ ನೋಡಬೇಕು, ಅದರಲ್ಲಿ ಎರಡು ಹಿಂದಿನ ಬೆಂಚಿನದಾಗಿರಬೇಕು. ನಾನು ಮಾಡುವುದೂ ಅದೇ ಹಾಳೆಯಲ್ಲಿರುತ್ತದೆ. ವಾರಕ್ಕೊಂದು ಪೀರಿಯಡ್ ಪೂರ್ತಿ ಕೂತು ನೋಡುತ್ತೇನೆ, ಅವತ್ತೇ ಮಾತಾಡುತ್ತೇನೆ. ‘ಚೆನ್ನಾಗಿತ್ತು’ ಅಂತ ಬರೆಯುವುದಿಲ್ಲ, ಕಂಡದ್ದನ್ನು ಬರೆಯುತ್ತೇನೆ.

ಮೇಷ್ಟ್ರು ರಜೆ ಹಾಕಿದ ತರಗತಿಗೆಲ್ಲ ಪ್ರಶಿಕ್ಷಣಾರ್ಥಿಗಳನ್ನು ಕಳಿಸುವ ಅಭ್ಯಾಸ ಎಷ್ಟೋ ಕಡೆ ಇದೆ. ಅದಕ್ಕೆ ನಾನು ಒಪ್ಪುವುದಿಲ್ಲ. ಅವರು ಕಲಿಯಲು ಬಂದವರು.

ಎಲ್ಲರೂ ದಡ ಸೇರುತ್ತಾರೆ ಅಂತಲ್ಲ. ಒಬ್ಬ ಹುಡುಗನಿಗೆ ವಿಷಯವೇ ಗಟ್ಟಿ ಇರಲಿಲ್ಲ. ಮೈನಸ್ 3ರ ವರ್ಗ ಮೈನಸ್ 9 ಅಂತ ಬೋರ್ಡಿನ ಮೇಲೆ ಬರೆದ. ಮಕ್ಕಳೆದುರು ನಾನು ತಿದ್ದಲಿಲ್ಲ. ಪೀರಿಯಡ್ ಮುಗಿದ ಮೇಲೆ ಕರೆದು ಹೇಳಿದೆ, ಅವನೇ ಹೋಗಿ ಮಕ್ಕಳ ಮುಂದೆ ಸರಿಪಡಿಸಿದ. ನಾಲ್ಕನೇ ವಾರಕ್ಕೇ ನೇರವಾಗಿ ಹೇಳಿದೆ: ‘ನೋಡಪ್ಪ, ಹೀಗೇ ಆದರೆ ನಾನು ಒಳ್ಳೆ ಅಂಕ ಹಾಕಲಾರೆ. ಇನ್ನೂ 12 ವಾರ ಇದೆ.’ ದಿನಾ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಕೂತು ಮರುದಿನದ ಲೆಕ್ಕಗಳನ್ನು ಬಿಡಿಸಿದೆವು. ತುಂಬಾ ಸುಧಾರಿಸಿದ, ಆದರೆ ನಾನು ಬಯಸಿದಷ್ಟಲ್ಲ. ಕೊನೆಗೆ ಸಾಧಾರಣ ಅಂಕವನ್ನೇ ಹಾಕಿದೆ. ‘ಸ್ವಲ್ಪ ಜಾಸ್ತಿ ಮಾಡಿ ಮೇಡಂ’ ಅಂತ ಕಾಲೇಜಿನಿಂದ ಫೋನ್ ಬಂತು. ಮಾಡಲಿಲ್ಲ. ಮುಂದೆ ಅವನ ತರಗತಿಯಲ್ಲಿ ಕೂರುವ ಮಕ್ಕಳು ನನ್ನ ಕಣ್ಣೆದುರು ಬಂದಿದ್ದರು. ಆ ಹುಡುಗ ಮಾತ್ರ ಬೇಜಾರಾಗಲಿಲ್ಲ. ಎಲ್ಲಿ ಕಮ್ಮಿ, ಯಾಕೆ ಕಮ್ಮಿ ಅಂತ ಅವನಿಗೆ ಮೊದಲೇ ಗೊತ್ತಿತ್ತು.

ಈಚೆಗೆ ಇನ್ನೊಂದು ಸೇರಿಸಿದ್ದೇನೆ. ಕೊನೆಯ ಅಂಕಪಟ್ಟಿಯ ಎರಡು ಪ್ರತಿ ತೆಗೆಸುತ್ತೇನೆ. ಒಂದರಲ್ಲಿ ಅವರು ತಮಗೆ ತಾವೇ ಅಂಕ ಹಾಕಿಕೊಳ್ಳಬೇಕು, ಇನ್ನೊಂದರಲ್ಲಿ ನಾನು. ಆಮೇಲೆ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಈ ವರ್ಷ ಬಂದವಳು ತರಗತಿ ನಿರ್ವಹಣೆಗೆ ತೀರಾ ಕಡಿಮೆ ಹಾಕಿಕೊಂಡಿದ್ದಳು. ‘ಮಕ್ಕಳು ಗಲಾಟೆ ಮಾಡ್ತಿದ್ರು ಮೇಡಂ’ ಅಂದಳು. ನಾನು ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ಹಾಕಿದ್ದೆ. ನನ್ನ ಟಿಪ್ಪಣಿ ತೆಗೆದು ತೋರಿಸಿದೆ. ಆ ಗಲಾಟೆಯಲ್ಲಿ ಮಕ್ಕಳು ಜಗಳವಾಡುತ್ತಿದ್ದದ್ದು ತ್ರಿಕೋನದ ಕೋನಗಳ ಬಗ್ಗೆ. ಅವಳು ಆ ಪುಟವನ್ನು ಎರಡು ಸಲ ಓದಿ ಫೋನಿನಲ್ಲಿ ಫೋಟೋ ತೆಗೆದುಕೊಂಡಳು. ಮಾತು ಮುಗಿಯುವಷ್ಟರಲ್ಲಿ ಐದೂವರೆ ಬಸ್ಸು ಹೋಗಿತ್ತು.