ತೊಗರಿಕಾಳು ಎತ್ತುವ ಒಂದೂವರೆ ಸೆಕೆಂಡ್ ಮೊದಲು

ಕೊನೆಗೂ ಬಂತು. ಬೆರಳು ಅಲ್ಲಾಡುವ ಸುಮಾರು ಒಂದೂವರೆ ಸೆಕೆಂಡ್ ಮೊದಲೇ ಮಿದುಳಲ್ಲಿ ಏಳುವ ಆ ನಿಧಾನದ ಅಲೆ, ಅದೇ ರೆಡಿನೆಸ್ ಪೊಟೆನ್ಷಿಯಲ್, ಕಲಬುರಗಿಯ ನಮ್ಮ ಮಾಳಿಗೆ ಕೋಣೆಯಲ್ಲೇ ಸಿಕ್ಕಿತು. "ಅದಕ್ಕೆ ದೊಡ್ಡ ಲ್ಯಾಬ್ ಬೇಕು, ಸುಮ್ನೆ ದುಡ್ಡು ಕಳೀಬೇಡ" ಅಂದವರಿಗೆಲ್ಲ ಗ್ರಾಫ್ ಕಳಿಸಿದ್ದೇನೆ. ಇಬ್ಬರು ಮಾತ್ರ ಉತ್ತರ ಕೊಟ್ಟರು.

ದುಡ್ಡು ಕಳೆದದ್ದು ನಿಜ. ಮಿದುಳಿನ ಅಲೆ ಓದಲು ಮೊದಲು ತಂದ ಅಗ್ಗದ ಬೋರ್ಡಿಗೆ ಆರೇಳು ಸಾವಿರ ಹೋಯಿತು. ಕಣ್ಣು ಮುಚ್ಚಿದಾಗ ಏಳುವ ಆಲ್ಫಾ ಅಲೆಯನ್ನು ಚೆಂದ ತೋರಿಸುತ್ತಿತ್ತು, ಈ ಅಲೆ ಮಾತ್ರ ಇಲ್ಲ. ಎರಡು ತಿಂಗಳು ನೆತ್ತಿಗೆ ಅಂಟಿಸುವ ಎಲೆಕ್ಟ್ರೋಡನ್ನೇ ಬೈದೆ. ಆಮೇಲೆ ನೋಡಿದರೆ ಬೋರ್ಡಿನೊಳಗೇ ಅರ್ಧ ಹರ್ಟ್ಸ್‌ನ ಹೈಪಾಸ್, ಅಂದರೆ ಅದಕ್ಕಿಂತ ನಿಧಾನದ ಅಲೆಗಳನ್ನು ತಡೆಯುವ ಜರಡಿ, ಕೂತಿತ್ತು. ನಾನು ಹುಡುಕುತ್ತಿದ್ದುದನ್ನೇ ಅದು ನುಂಗುತ್ತಿತ್ತು! ಎಡಿಎಸ್1299 ಚಿಪ್ಪಿನ ಬೋರ್ಡ್ ತರಿಸಿದೆ, ಹದಿನೆಂಟು ಸಾವಿರದ ಹತ್ತಿರ. ಅದು ಡಿಸಿಯಿಂದಲೇ, ಅಂದರೆ ಎಷ್ಟೇ ನಿಧಾನದ ಏರಿಳಿತವನ್ನೂ, ಓದುತ್ತದೆ. ಬೆಳ್ಳಿ ತಂತಿ ಸರಾಫ್ ಬಜಾರಿನದು. ಉಪ್ಪುನೀರು, 9 ವೋಲ್ಟ್ ಬ್ಯಾಟರಿ ಇಟ್ಟು ಅದಕ್ಕೆ ಕ್ಲೋರೈಡ್ ಲೇಪ ಹಿಡಿಸಿ ಎಲೆಕ್ಟ್ರೋಡ್ ಮಾಡಿಕೊಂಡೆ.

ಅಷ್ಟರಲ್ಲಿ ಬೇಸಿಗೆ ಬಂತು. ನಮ್ಮೂರ ಮೇ ತಿಂಗಳು ಗೊತ್ತಲ್ವಾ? ನೆತ್ತಿ ಬೆವರಿದರೆ ಗ್ರಾಫಿನ ಬೇಸ್‌ಲೈನ್ ತೇಲಿಹೋಗುತ್ತದೆ. ನಾನು ಹುಡುಕುವುದು 10 ಮೈಕ್ರೋವೋಲ್ಟ್, ಬೆವರಿನದು ನೂರಾರು. ಕೂಲರ್ ಹಾಕಿದರೆ ಮನೆಯ ಕರೆಂಟಿನ 50 ಹರ್ಟ್ಸ್ ಕಾಟ. ಕೊನೆಗೆ ಬೆಳಗಿನ 4 ಗಂಟೆಗೆ ಎದ್ದು, ಎಲ್ಲ ಬಂದ್ ಮಾಡಿ, ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿದೆ. ಕರೆಂಟ್ ಹೋದ ದಿನ ಇನ್ನೂ ಚೆನ್ನ. ಎಲೆಕ್ಟ್ರೋಡ್ ಅಂಟಿಸುವ ಪೇಸ್ಟಿಗೆ ಏನು ಬೆರೆಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಲೆಕ್ಕದ ದಾರಿ 1964ರದ್ದೇ. ಜರ್ಮನಿಯ ಫ್ರೈಬರ್ಗ್‌ನಲ್ಲಿ ಕೊರ್ನ್‌ಹುಬರ್ ಮತ್ತು ಡೀಕೆ ಎಂಬ ವಿಜ್ಞಾನಿಗಳು ಮಿದುಳಿನ ಅಲೆ ಹಿಡಿದ ಟೇಪನ್ನು ಉಲ್ಟಾ ಓಡಿಸಿ, ಸ್ನಾಯು ಮಿಡಿದ ಕ್ಷಣದಿಂದ ಹಿಂದಕ್ಕೆ ಹಲವು ಸಲದ ಅಲೆಗಳ ಸರಾಸರಿ ತೆಗೆದಿದ್ದರು. ನನಗೆ ಪೈಥಾನಿನ ನಾಲ್ಕು ಸಾಲು. 40 ಸಲಕ್ಕೆ ಏನೂ ಕಾಣಲಿಲ್ಲ. 120 ದಾಟಿದ ಮೇಲೆ ಗೆರೆ ಬಾಗಿತು.

ಸುಮ್ನೆ ಬೆರಳು ಮಡಚಿ ಬೇಜಾರಾಗಿ, ತೊಗರಿಕಾಳು ಎತ್ತಿ ಸಣ್ಣ ಬಾಯಿಯ ಸೀಸೆಗೆ ಹಾಕುವ ಕೆಲಸ ಇಟ್ಟೆ. ಅಲೆ ಜಾಸ್ತಿ ಎದ್ದಿತು. ಕಣ್ಣು ಓಡಾಡಿದ ಸಲಗಳನ್ನೆಲ್ಲ ತೆಗೆದುಹಾಕಿದ ಮೇಲೂ ಅಷ್ಟೇ. ಅವ್ವನ ತಲೆಗೂ ತಂತಿ ಅಂಟಿಸಿ ಜೋಳದ ರೊಟ್ಟಿ ಬಡಿ ಅಂದೆ. ಏನೂ ಸಿಗಲಿಲ್ಲ. ಎರಡು ಬಡಿತದ ನಡುವೆ ಅರ್ಧ ಸೆಕೆಂಡೂ ಇಲ್ಲ, ಒಂದರ ತಯಾರಿ ಇನ್ನೊಂದರ ಮೇಲೆ ಬೀಳುತ್ತದೆ. ತಲೆ ಬೇರೆ ಕುಣಿಯುತ್ತದೆ. ಐದಾರು ಸೆಕೆಂಡ್ ಬಿಡುವು ಬೇಕು. ಹೆಂಚು ಕಾದ ಮೇಲೆ ಅವ್ವ ಅಷ್ಟು ಕಾಯುವವಳಲ್ಲ.

ಈಗ ನೆತ್ತಿಯ ಎಡಬದಿಯ ಸಿ3, ಬಲಬದಿಯ ಸಿ4 ಎಂಬ ಜಾಗಗಳ ಅಲೆಗಳನ್ನು ಒಂದರಿಂದ ಒಂದು ಕಳೆದು ನೋಡುತ್ತಿದ್ದೇನೆ. ಬಲಗೈ ಆಡಿಸುವ ಕೊನೆಯ ಅರ್ಧ ಸೆಕೆಂಡಿನಲ್ಲಿ ಎಡಭಾಗ ಹೆಚ್ಚು ನೆಗೆಟಿವ್ ಆಗಬೇಕು. ಐದು ಜನರಲ್ಲಿ ಮೂವರಿಗೆ ಆಗಿದೆ. ಉಳಿದಿಬ್ಬರಿಗೆ ಕೂದಲು ಜಾಸ್ತಿ.